ಬ್ಯಾಕ್ಟೀರಿಯಾಕ್ಕೆ ಮಾತ್ರ ರುಚಿಸುವ ಸಕ್ಕರೆ

ಮಾರ್ಚ್ 3, ಮಂಗಳವಾರ

ಅನುಮತಿ ಬಂತು. ಬಂತು, ಬಂತು, ಬಂತು. ಎಷ್ಟು ಸಲ ಬರೆದರೂ ಸಾಲದು. ಇಷ್ಟು ವರ್ಷ ಇಲಿಗಳಿಗೆ ಚುಚ್ಚುತ್ತಿದ್ದ ನನ್ನ ಸಕ್ಕರೆಯನ್ನು ಇನ್ನು ಮನುಷ್ಯರಿಗೆ ಕೊಡಬಹುದು.

ಸುದ್ದಿ ಬಂದಾಗ ನಾನು ಸೀಸದ ಗೋಡೆಯ ಪೆಟ್ಟಿಗೆಯ ಮುಂದೆ ಕೂತಿದ್ದೆ. ಹಾಗೇ ಎದ್ದು ಓಡುವಂತಿಲ್ಲ. ಕೈಗವಸು ತೆಗೆದು, ಕೈ ತೊಳೆದು, ಬಾಗಿಲ ಬಳಿಯ ವಿಕಿರಣ ಅಳೆಯುವ ಮೀಟರಿಗೆ ಎರಡೂ ಕೈ ತೋರಿಸಿ, ಅದು ಸುಮ್ಮನಿದೆಯೆಂದು ಖಾತ್ರಿಯಾದ ಮೇಲೆ ಓಡಿದೆ. ಕಾರಿಡಾರಿನಲ್ಲಿ ಎದುರಾದವರಿಗೆಲ್ಲ ಹೇಳಿದೆ. ನೆಲ ಒರೆಸುವ ಯಂತ್ರ ರಿಪೇರಿ ಮಾಡಲು ಬಂದಿದ್ದವರಿಗೂ ಹೇಳಿದೆ. ಪಾಪ, ಅವರು ಕೈಕುಲುಕಿದರು.

ಮನೆಗೆ ಬಂದಾಗ ಅತ್ತೆ ನನ್ನ ಮುಖ ನೋಡಿ, "ಏನೇ, ಲಾಟರಿ ಹೊಡೀತಾ?" ಎಂದರು. ಕೂರಿಸಿಕೊಂಡು ವಿವರಿಸಿದೆ. ಈಗ ಸ್ಕ್ಯಾನಿಗೆ ಕೊಡುವ ಮಾಮೂಲಿ ಸಕ್ಕರೆಯನ್ನು ಮೈಯಲ್ಲಿ ಹಸಿದ ಜೀವಕೋಶಗಳೆಲ್ಲ ತಿನ್ನುತ್ತವೆ. ಗಡ್ಡೆಯಿದ್ದರೂ ಹೊಳೆಯುತ್ತದೆ, ಬರೀ ಊತವಿದ್ದರೂ ಹೊಳೆಯುತ್ತದೆ, ಬ್ಯಾಕ್ಟೀರಿಯಾ ಇದ್ದರೂ ಹೊಳೆಯುತ್ತದೆ. ಯಾವುದು ಯಾವುದೆಂದು ತಿಳಿಯುವುದಿಲ್ಲ. ನಾನು ಅದೇ ಸಕ್ಕರೆಯನ್ನು ಕೊಂಚ ಬದಲಿಸುತ್ತೇನೆ. ಸಕ್ಕರೆಯಿಲ್ಲದ ಚೂಯಿಂಗ್ ಗಮ್ಮಿನಲ್ಲಿ ಸಿಹಿಗೆಂದು ಹಾಕುವ ವಸ್ತುವಿನ ಹಾಗೆ ಆಗುತ್ತದೆ. ನಮ್ಮ ಜೀವಕೋಶಗಳು ಅದನ್ನು ಮೂಸಿಯೂ ನೋಡುವುದಿಲ್ಲ. ಕರುಳಿನಲ್ಲಿ ವಾಸಿಸುವ ಒಂದು ಜಾತಿಯ ಬ್ಯಾಕ್ಟೀರಿಯಾಗಳು ಮಾತ್ರ ಗಬಗಬನೆ ತಿನ್ನುತ್ತವೆ. ಅದಕ್ಕೆ ಕೆಲವೇ ಗಂಟೆ ಬಾಳುವ ವಿಕಿರಣದ ಗುರುತು ಅಂಟಿಸಿ ರಕ್ತಕ್ಕೆ ಬಿಟ್ಟರೆ, ಅವು ಎಲ್ಲಿ ಅಡಗಿವೆಯೋ ಅಲ್ಲಿ ಗುರುತು ಕೂಡಿಕೊಳ್ಳುತ್ತದೆ. ಕ್ಯಾಮೆರಾ ಅದನ್ನು ಹಿಡಿಯುತ್ತದೆ. ಉಳಿದದ್ದು ಮೂತ್ರದಲ್ಲಿ ಹೊರಗೆ.

"ಅಂದ್ರೆ ಕಳ್ಳನಿಗೆ ಮಾತ್ರ ರುಚಿಸೋ ತಿಂಡಿ ಇಟ್ಟು ಕಳ್ಳನ್ನ ಹಿಡಿಯೋದು," ಎಂದರು ಅತ್ತೆ.

"ಅದೇ."

"ಇಷ್ಟು ಹೇಳೋಕೆ ಅಷ್ಟುದ್ದ ಓದಬೇಕಾಯ್ತಾ?"

ನಗಲಿ. ಆ ಇಲಿಯ ಚಿತ್ರವನ್ನು ಅವರು ನೋಡಿಲ್ಲ. ಒಂದು ತೊಡೆಯಲ್ಲಿ ಜೀವಂತ ಬ್ಯಾಕ್ಟೀರಿಯಾ, ಇನ್ನೊಂದರಲ್ಲಿ ಕಾಯಿಸಿ ಕೊಂದವು. ಎರಡೂ ತೊಡೆ ಊದಿದ್ದವು. ಹಳೆಯ ಸಕ್ಕರೆಗೆ ಎರಡೂ ಹೊಳೆದವು, ನನ್ನದಕ್ಕೆ ಒಂದೇ.

ಒಂದನೇ ನಂಬರ್ ಪೇಷಂಟ್ ಕೂಡ ಗೊತ್ತಾಗಿದ್ದಾರೆ. ವಯಸ್ಸಾದ ಹೆಂಗಸು. ಸೊಂಟದ ಕೀಲು ಬದಲಿಸಿ ಲೋಹದ್ದು ಹಾಕಿದ್ದಾರೆ, ಈಗ ವಿಪರೀತ ನೋವು. ಕೀಲಿನಿಂದ ತೆಗೆದ ನೀರಿನಲ್ಲಿ ಒಂದು ಸಲ ಬ್ಯಾಕ್ಟೀರಿಯಾ ಬೆಳೆಯಿತು, ಅದೂ ನನ್ನ ಸಕ್ಕರೆ ತಿನ್ನುವ ಜಾತಿಯದ್ದೇ. ಮತ್ತೊಂದು ಸಲ ತೆಗೆದಾಗ ಏನೂ ಬೆಳೆಯಲಿಲ್ಲ. ಹಳೆಯ ಸ್ಕ್ಯಾನ್ ಹೊಳೆಯುತ್ತದೆ, ಆದರೆ ಅದು ಯಾವುದಕ್ಕೆ ಹೊಳೆಯುವುದಿಲ್ಲ? ಮೂಳೆ ಡಾಕ್ಟರ್ ತಲೆ ಕೆರೆದುಕೊಳ್ಳುತ್ತಿದ್ದಾರೆ. ನನಗೆ ಇದಕ್ಕಿಂತ ಚೆಂದದ ಕೇಸ್ ಎಲ್ಲಿ ಸಿಗಬೇಕು? ಇರಲಿ ದೇವರೇ, ಅಲ್ಲಿ ಬ್ಯಾಕ್ಟೀರಿಯಾ ಇರಲಿ, ದಂಡಿಯಾಗಿ ಇರಲಿ. ಮೊದಲ ಚಿತ್ರವೇ ಜಗಜಗ ಹೊಳೆಯಲಿ.

ಮಾರ್ಚ್ 6, ಶುಕ್ರವಾರ

ತಾಲೀಮಿಗೆಂದು ಮಾಡಿದ ಮದ್ದು ಕೈಕೊಟ್ಟಿತು. ಸೋಸುವ ಫಿಲ್ಟರಿನ ಪರೀಕ್ಷೆಯಲ್ಲಿ ನಪಾಸು. ಇಡೀ ಬೆಳಗಿನ ದುಡಿಮೆ ಸೀಸದ ಡಬ್ಬಿಯೊಳಗೆ ಕೂತು ತಣ್ಣಗಾಯಿತು. ಮನೆಯಲ್ಲಿ ಯಾರೊಂದಿಗೂ ಮಾತಾಡಲಿಲ್ಲ. ಇವರು ಏನೋ ಕೇಳಿದರು, ಉರಿದುಬಿದ್ದೆ.

ಮಾರ್ಚ್ 9, ಸೋಮವಾರ

ಇವತ್ತು ಎರಡು ಸಲ ಮಾಡಿದೆ, ಎರಡೂ ಪಾಸು. ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ಒಂದನೇ ನಂಬರನ್ನು ಭೇಟಿಯಾಗಬೇಕಾಯಿತು. ಮದ್ದು ಮಾಡುವವಳಿಗೆ ಪೇಷಂಟ್ ನೋಡುವ ಕೆಲಸವಿಲ್ಲ. ಆದರೆ ಒಪ್ಪಿಗೆ ಪತ್ರ ಓದಿದ ಆಕೆ ಪ್ರಶ್ನೆ ಮೇಲೆ ಪ್ರಶ್ನೆ ಕೇಳಿ ಕತ್ತಲೆ ಡಾಕ್ಟರನ್ನು ಸುಸ್ತು ಮಾಡಿದ್ದರು. (ಹಗಲೆಲ್ಲ ದೀಪ ಆರಿಸಿದ ಕೋಣೆಯಲ್ಲಿ ಕೂತು ಸ್ಕ್ಯಾನ್ ಓದುತ್ತಾರೆ, ಅದಕ್ಕೇ ಆ ಹೆಸರು. ಅವರಿಗೂ ಗೊತ್ತು.) "ನೀವೇ ಬಂದು ಉತ್ತರ ಹೇಳಿ, ನನ್ನ ಕೈಲಾಗಲ್ಲ," ಎಂದು ಫೋನ್ ಮಾಡಿದರು.

ಆಕೆ ಈಜು ಟೀಚರ್. ನಿವೃತ್ತರು. ಗಿಡ್ಡ ಕೂದಲು, ಅಗಲ ಭುಜ, ಇಡೀ ಕೊಳಕ್ಕೆ ಕೇಳಿಸುವಂತೆ ಮಾತಾಡಿ ಅಭ್ಯಾಸವಾದ ಗಂಟಲು.

"ನೀವೇನಾ ಮದ್ದು ಬೇಯಿಸೋರು?"

ಹೌದೆಂದೆ.

"ನೀವು ಇದನ್ನ ಚುಚ್ಚಿಸ್ಕೊಂಡಿದೀರಾ?"

"ಇಲ್ಲ."

"ಮತ್ತೆ ನನಗೆ ಹೇಗೆ ಚುಚ್ತೀರಿ?"

ವಿಕಿರಣದ ಪ್ರಮಾಣ, ಇಲಿಗಳ ಮೇಲಿನ ಪರೀಕ್ಷೆ, ಎಲ್ಲ ಹೇಳಿದೆ. ತಲೆಯಾಡಿಸುತ್ತ ಕೇಳಿದರು. ಆಮೇಲೆ ತಮ್ಮದನ್ನು ಹೇಳಿದರು. ಬ್ಯಾಕ್ಟೀರಿಯಾ ಇದೆಯೆಂದಾದರೆ ಲೋಹದ ಕೀಲನ್ನು ಪೂರ್ತಿ ತೆಗೆಯುತ್ತಾರೆ. ಎರಡು ಮೂರು ತಿಂಗಳು ಕೀಲೇ ಇಲ್ಲದೆ, ಔಷಧ ಹರಿಸಿಕೊಳ್ಳುತ್ತ ಮಲಗಿರಬೇಕು. ಆಮೇಲೆ ಮತ್ತೆ ಆಪರೇಷನ್, ಹೊಸ ಕೀಲು. ಬ್ಯಾಕ್ಟೀರಿಯಾ ಇಲ್ಲ, ಕೀಲು ಬರೀ ಸಡಿಲವಾಗಿದೆ ಎಂದಾದರೆ ಒಂದೇ ಸಲಕ್ಕೆ ಬದಲಿಸಿ ಎದ್ದು ಓಡಾಡಿಸುತ್ತಾರೆ.

"ಮನೇಲಿ ನಾನೊಬ್ಳೇ. ಮಲಗಿದ್ರೆ ಎಲ್ಲಾದಕ್ಕೂ ಯಾರನ್ನಾದ್ರೂ ಕರೀಬೇಕು. ಎಲ್ಲಾದಕ್ಕೂ, ಗೊತ್ತಾಯ್ತಲ್ಲ? ನೀರಿಗೆ ಹೆದರೋರನ್ನ ಜೀವಮಾನವಿಡೀ ನೀರಿಗಿಳಿಸಿದೀನಿ. ಹಾಸಿಗೆ ಅಂದ್ರೆ ಮಾತ್ರ ಕೈಕಾಲು ನಡುಗುತ್ತೆ ನನಗೆ."

ಮತ್ತೆ ಕೇಳಿದರು: "ನನ್ನೊಳಗೆ ಏನಾದ್ರೂ ಕಂಡ್ರೆ ನಿಮಗೆ ಖುಷಿ ಆಗುತ್ತೆ, ಅಲ್ವಾ?"

"ಹಾಗೇನಿಲ್ಲ ಟೀಚರ್. ನಮಗೆ ಸರಿಯಾದ ಉತ್ತರ ಬೇಕು ಅಷ್ಟೆ."

"ಡೈವ್ ಮಾಡೋಕೆ ಹೆದರ್ತಿದ್ದ ಮಕ್ಕಳೂ ಹೀಗೇ ಅಂತಿದ್ರು, ನೀರು ತಣ್ಣಗಿದೆ ಅಷ್ಟೆ ಟೀಚರ್ ಅಂತ."

ಹೇಳಿ ಸಹಿ ಹಾಕಿದರು. ಬಾಯಿ ಜೋರು, ಆದರೆ ಒಳ್ಳೆಯ ಪೇಷಂಟ್. ಗುರುವಾರ ಗಟ್ಟಿಯಾಯಿತು.

ಮಾರ್ಚ್ 11, ಬುಧವಾರ

ನಾಳೆ. ಸಲಕರಣೆಗಳನ್ನೆಲ್ಲ ಜೋಡಿಸಿ ಬಂದೆ. ಬಾಲ ಸುಟ್ಟ ಬೆಕ್ಕಿನಂತೆ ಮನೆಯೊಳಗೆ ಓಡಾಡುತ್ತಿದ್ದೇನೆ ಎಂದು ಇವರ ದೂರು. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಕೂತು ತಾಳ್ಮೆ ಬೆಳೆಸಿಕೊಂಡವರು ಇವರು. ಎಲ್ಲರಿಗೂ ಅದೇ ಬರಬೇಕೆಂದರೆ ಹೇಗೆ?

"ಹೊಳೆಯುತ್ತೆ ಅಂತ ಅನ್ಸುತ್ತಾ?" ಎಂದು ನಾನೇ ಇವರನ್ನು ಕೇಳಿದೆ. "ಆ ಟೀಚರಿಗೆ ಹೊಳೆಯದೇ ಇದ್ರೆ ಒಳ್ಳೇದಲ್ವಾ?" ಎಂದರು. ಅಷ್ಟು ವರ್ಷದ ನನ್ನ ಕೆಲಸ, ಇವರಿಗೆ ಟೀಚರ್ ಚಿಂತೆ. ಮುಖ ಊದಿಸಿಕೊಂಡು ಎದ್ದು ಬಂದೆ.

ಮಾರ್ಚ್ 12, ಗುರುವಾರ, ಮಧ್ಯಾಹ್ನ

ಹೊಳೆಯಿತು.

ಕ್ಯಾಂಟೀನಿನಲ್ಲಿ ಕೂತು ಬರೆಯುತ್ತಿದ್ದೇನೆ. ಮದ್ದು ಎಲ್ಲ ಪರೀಕ್ಷೆಯಲ್ಲೂ ಪಾಸಾಯಿತು. ಸೀಸದ ಡಬ್ಬಿಯನ್ನು ನಾನೇ ತಳ್ಳುಗಾಡಿಯಲ್ಲಿ ಇಟ್ಟುಕೊಂಡು ಹೋದೆ. ಸಿಸ್ಟರ್ ಚುಚ್ಚಿದರು. ಮದ್ದು ಮೈಯೆಲ್ಲ ಸುತ್ತಿ ಬರುವವರೆಗೆ ಕಾದು, ಆಮೇಲೆ ಟೀಚರನ್ನು ಕ್ಯಾಮೆರಾದ ಉಂಗುರದೊಳಗೆ ಮಲಗಿಸಿದರು. ನಾನು ಕತ್ತಲೆ ಡಾಕ್ಟರ ಕೋಣೆಯಲ್ಲಿ ಅವರ ಕುರ್ಚಿಯ ಹಿಂದೆ ನಿಂತಿದ್ದೆ. ಮೊದಲು ಮೂತ್ರಪಿಂಡಗಳು ಬಂದವು, ಆಮೇಲೆ ಮೂತ್ರಕೋಶ. ಅವು ಹೊಳೆಯಲೇಬೇಕು, ಮದ್ದು ಹೊರಗೆ ಹೋಗುವ ದಾರಿಯೇ ಅದು. ಆಮೇಲೆ ಸೊಂಟ. ಲೋಹದ ಕೀಲಿನ ಜಾಗದಲ್ಲೇ ಒಂದು ಚುಕ್ಕೆ, ಅಚ್ಚುಕಟ್ಟಾಗಿ, ಯಾರೋ ಬೆರಳಿಟ್ಟು ತೋರಿಸಿದ ಹಾಗೆ.

ಕತ್ತಲೆ ಡಾಕ್ಟರ್ ಎದ್ದು ನಿಂತರು. ಅವರು ಚಿತ್ರ ನೋಡುತ್ತ ಎದ್ದು ನಿಂತದ್ದನ್ನು ನಾನು ಕಂಡಿಲ್ಲ. ಹೋಳು ಹೋಳಾಗಿ ನೋಡಲು ಹೋದರೆ ಲೋಹದ ಸುತ್ತ ಚಿತ್ರ ಹರಿದುಹೋಗಿತ್ತು. "ಆಳ ಎಷ್ಟು ಅಂತ ಈ ಲೋಹ ಹೇಳೋಕೆ ಬಿಡ್ತಿಲ್ಲ. ಆದ್ರೆ ಜಾಗ ನೋಡಿ, ಇನ್ನೇನು ಬೇಕು?" ಎಂದರು. ಮೂಳೆ ಡಾಕ್ಟರ್ ಬಂದು ಬಗ್ಗಿ ನೋಡಿದರು. "ಸರಿ, ಹಾಗಾದ್ರೆ ಪೂರ್ತಿ ತೆಗೆಯೋದೇ. ಮಂಗಳವಾರ ಇಟ್ಕೊಳ್ತೀನಿ," ಎಂದು ಹೋದರು. ಯಾರೋ ಕೇಕ್ ತಂದರು. ಆಸ್ಪತ್ರೆಯ ನಿರ್ದೇಶಕರು ಫೋನ್ ಮಾಡಿ ಅಭಿನಂದಿಸಿದರು. ನಾನು ಅತ್ತೆಗೆ ಫೋನ್ ಮಾಡಿ, "ಕಳ್ಳ ಸಿಕ್ಕಿಬಿದ್ದ," ಎಂದೆ.

ಟೀಚರಿಗೆ ಇನ್ನೂ ಹೇಳಿಲ್ಲ, ಮೂಳೆ ಡಾಕ್ಟರ್ ಆಮೇಲೆ ಹೇಳುತ್ತಾರಂತೆ. ಮೈಯಲ್ಲಿನ ವಿಕಿರಣ ಇಳಿಯುವವರೆಗೆ ಅವರು ಪಕ್ಕದ ಕೋಣೆಯಲ್ಲಿ ಕೂತಿರಬೇಕು. ಒಂದು ಥ್ಯಾಂಕ್ಸ್ ಹೇಳಿ ಬರುತ್ತೇನೆ.

ಅದೇ ದಿನ, ಸಂಜೆ

ಎಲ್ಲಿಂದ ಶುರು ಮಾಡಲಿ?

ಹೋದೆ. ಟೀಚರ್ ಕುರ್ಚಿಯ ತುದಿಯಲ್ಲಿ, ಒಂದೇ ಪಕ್ಕಕ್ಕೆ ಭಾರ ಹಾಕಿ ಕೂತಿದ್ದರು. ನಾನು ಬಾಯಿ ತೆಗೆಯುವ ಮೊದಲೇ ತಗ್ಗಿದ ದನಿಯಲ್ಲಿ, "ಇನ್ನೊಂದು ಗೌನ್ ಸಿಗುತ್ತಾ? ಸಿಸ್ಟರಿಗೆ ಹೇಳ್ಬೇಡಿ, ನೀವೇ ತಂದ್ಕೊಡಿ," ಎಂದರು. ಆ ಗಂಟಲಲ್ಲಿ ಅಷ್ಟು ಸಣ್ಣ ಮಾತು ಇದೆಯೆಂದೇ ನನಗೆ ಗೊತ್ತಿರಲಿಲ್ಲ.

"ಯಾಕೆ ಟೀಚರ್, ಚಳಿಯಾ?"

"ಚುಚ್ಚಿದ್ಮೇಲೆ, ಸ್ಕ್ಯಾನಿಗೆ ಮುಂಚೆ ಬಾತ್‌ರೂಮಿಗೆ ಹೋಗ್ಬನ್ನಿ ಅಂದ್ರು. ಹೋದೆ. ಈ ಕಾಲು ಬಗ್ಗಲ್ವಲ್ಲ, ಸರಿಯಾಗಿ ಕೂರೋಕಾಗ್ಲಿಲ್ಲ. ಸ್ವಲ್ಪ ಗೌನಿಗೆ ಆಯ್ತು. ಒರೆಸ್ಕೊಂಡೆ. ಹೇಳೋಕೆ ನಾಚಿಕೆ ಆಯ್ತು ಕಣಮ್ಮ."

"ಯಾವ ಕಡೆ ಆಯ್ತು?"

"ಇದೇ ಕಡೆ. ನೋವಿರೋ ಕಡೆ."

ನಮ್ಮ ವಿಭಾಗಕ್ಕೆ ಸೇರಿದವರಿಗೆ ಮೊದಲ ವಾರವೇ ಕಲಿಸುವ ಪಾಠ ಇದು: ನಿರೀಕ್ಷಿಸದ ಕಡೆ ಹೊಳಪು ಕಂಡರೆ ಮೊದಲು ತೊಳೆಸು, ಬಟ್ಟೆ ಬದಲಿಸು, ಮತ್ತೆ ನೋಡು. ಈ ಮದ್ದು ಹೋಗುವುದೇ ಮೂತ್ರದಲ್ಲಿ. ಆ ಹೊತ್ತಿಗೆ ಮೈಯಲ್ಲಿ ಅದರಷ್ಟು ಹೊಳೆಯುವ ವಸ್ತು ಮತ್ತೊಂದಿಲ್ಲ. ಬಟ್ಟೆಗೆ ನಾಲ್ಕು ಹನಿ ಬಿದ್ದರೆ ಸಾಕು. ನಾವೋ, ನಿರೀಕ್ಷಿಸಿದ ಕಡೆಯೇ ಕಂಡಿತೆಂದು ಕೇಕ್ ಕತ್ತರಿಸಿದೆವು. ಬೇಕಾದದ್ದು ಕಣ್ಣ ಮುಂದೆ ಬಂದ ಮೇಲೆ ತೊಳೆದು ನೋಡುವ ನೆನಪು ಯಾರಿಗಿರುತ್ತದೆ?

ಓಡಿದೆ. ಮೀಟರಿಗೆ ಕೈ ತೋರಿಸದೆ ಓಡಿದೆ, ನಾಳೆ ಬೈಸಿಕೊಳ್ಳುತ್ತೇನೆ. ಕತ್ತಲೆ ಡಾಕ್ಟರ ಬಾಯಲ್ಲಿ ಇನ್ನೂ ಕೇಕ್ ಇತ್ತು. "ಗೌನ್ ಒದ್ದೆಯಾಗಿತ್ತಂತೆ. ಅದೇ ಪಕ್ಕ," ಎಂದೆ. ಅವರು ಅಗಿಯುವುದನ್ನೇ ನಿಲ್ಲಿಸಿದರು. ಆಮೇಲೆ ತಲೆ ಮೇಲೆ ಕೈ ಹೊತ್ತು, "ಅಯ್ಯೋ ನನ್ನ ಕರ್ಮವೇ. ಹೊಸಬರಿಗೆಲ್ಲ ಈ ಪಾಠ ಹೇಳೋನು ನಾನೇ," ಎಂದರು.

ಮದ್ದು ಅರ್ಧಕ್ಕಿಂತ ಹೆಚ್ಚು ಕರಗಿಹೋಗಿತ್ತು, ಆದರೂ ಕ್ಯಾಮೆರಾಕ್ಕೆ ಸಾಲುವಷ್ಟು ಉಳಿದಿತ್ತು. ಸಿಸ್ಟರ್ ಒಂದು ಮಾತೂ ಆಡದೆ ಬಿಸಿನೀರು ತಂದು ಟೀಚರ ಮೈ ತೊಳೆಸಿದರು. ಹೊಸ ಗೌನ್, ಹೊಸ ಹಾಸು. ಟೀಚರ್ ಕಣ್ಣು ಮುಚ್ಚಿಕೊಂಡು ಮತ್ತೆ ಆ ಉಂಗುರದೊಳಗೆ ಮಲಗಿದರು. ನನ್ನ ಕಡೆ ನೋಡಲಿಲ್ಲ.

ಈ ಸಲ ಚಿತ್ರ ನಿಧಾನವಾಗಿ ಬಂತು. ಮೂತ್ರಪಿಂಡ. ಮೂತ್ರಕೋಶ. ನಾನು "ಬೇಡ, ಬೇಡ, ಬೇಡ," ಎನ್ನುತ್ತಿದ್ದೆನಂತೆ, ಗಟ್ಟಿಯಾಗಿಯೇ. "ಬಾಯಿ ಮುಚ್ಕೊಂಡು ನೋಡಿ," ಎಂದರು ಕತ್ತಲೆ ಡಾಕ್ಟರ್. ಸೊಂಟ ಬಂತು. ಕಪ್ಪು. ಹಿಗ್ಗಿಸಿ ನೋಡಿದರು, ತಿರುಗಿಸಿ ನೋಡಿದರು. ಬರೀ ಕಪ್ಪು. ಹಳೆಯ ಗೌನನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕ್ಯಾಮೆರಾ ಕೆಳಗಿಟ್ಟರೆ ದೀಪದ ಹಾಗೆ ಉರಿಯಿತು.

ನಾನು ಸಿಸ್ಟರನ್ನು ತಬ್ಬಿಕೊಂಡೆ. ಕತ್ತಲೆ ಡಾಕ್ಟರನ್ನೂ ತಬ್ಬಿಕೊಳ್ಳುತ್ತಿದ್ದೆ, ಅವರು ಕುರ್ಚಿ ಹಿಂದಕ್ಕೆ ಸರಿಸಿಕೊಂಡರು.

ಮನೆಯಲ್ಲಿ ಅತ್ತೆ ಬಾಗಿಲಲ್ಲೇ, "ಕಳ್ಳನ್ನ ಜೈಲಿಗೆ ಹಾಕಿದ್ರಾ?" ಎಂದರು.

"ಕಳ್ಳನೇ ಇಲ್ಲ ಅತ್ತೆ. ಏನೂ ಇಲ್ಲ ಅಲ್ಲಿ, ಏನೇನೂ ಇಲ್ಲ."

"ಏನೂ ಸಿಗ್ಲಿಲ್ಲ ಅಂತ ಇಷ್ಟು ಕುಣಿಯೋರನ್ನ ಇವತ್ತೇ ನೋಡಿದ್ದು."

ಅತ್ತೆಗೆ ಎಲ್ಲದಕ್ಕೂ ಒಂದು ಮಾತು ಬೇಕು. ಹಸಿವೆಯೋ ಹಸಿವೆ, ಎರಡು ಸಲ ಬಡಿಸಿಕೊಂಡು ತಿಂದೆ.

ಮಾರ್ಚ್ 13, ಶುಕ್ರವಾರ

ಮೂಳೆ ಡಾಕ್ಟರ್ ಒಪ್ಪುತ್ತಿಲ್ಲ. ಕತ್ತಲೆ ಕೋಣೆಯಲ್ಲಿ ಮೂವರೂ ಕೂತೆವು.

"ನಿನ್ನೆ ಮಧ್ಯಾಹ್ನ ಇದೆ ಅಂದ್ರಿ, ಸಂಜೆ ಇಲ್ಲ ಅಂದ್ರಿ. ಕಪ್ಪು ಚಿತ್ರ ನಂಬ್ಕೊಂಡು ಒಂದೇ ಸಲಕ್ಕೆ ಹೊಸ ಕೀಲು ಹಾಕಿ, ಒಳಗೆ ಇದ್ದಿದ್ರೆ? ಹೊಸದೂ ಕೆಡುತ್ತೆ, ಮೂಳೇನೂ ಕೆಡುತ್ತೆ. ಆ ಮೇಲೆ ಆಕೆ ನಡೆಯೋದು ಕನಸು."

ಅವರು ಹೇಳುವುದು ಸುಳ್ಳಲ್ಲ. ಬೇರೆ ಜಾತಿಯ ಬ್ಯಾಕ್ಟೀರಿಯಾ ಇದ್ದರೆ ನನ್ನ ಸಕ್ಕರೆ ಕುರುಡು. ಅದನ್ನು ನಾನೇ ಹೇಳಿದೆ. ಆದರೆ ಕೀಲಿನ ನೀರಿನಲ್ಲಿ ಬೆಳೆದದ್ದು ನನ್ನ ಸಕ್ಕರೆ ತಿನ್ನುವ ಜಾತಿಯೇ. ಅನುಮಾನ ಇದ್ದದ್ದು ಅದರ ಮೇಲೇ, ಮತ್ತು ಅದು ಅಲ್ಲಿ ಇಲ್ಲ. ಆ ನೀರು ತೆಗೆಯುವಾಗ ಎಲ್ಲಿಂದಲೋ ಸೇರಿಕೊಂಡಿರಬೇಕು.

"ಕೆಲವೇ ಕೆಲವು ಇದ್ರೂ ಕಾಣುತ್ತಾ?" ಎಂದರು ಮೂಳೆ ಡಾಕ್ಟರ್.

"ಒಂದು ಮಟ್ಟಕ್ಕಿಂತ ಕಮ್ಮಿ ಇದ್ರೆ ಕಾಣಲ್ಲ," ಎಂದೆ. "ಆದ್ರೆ ಇಷ್ಟು ನೋವು ಕೊಡುವಷ್ಟು ಇದ್ದಿದ್ರೆ ಕಾಣ್ತಿತ್ತು."

"ನಿಮ್ಮ ತಾಯಿ ಆಗಿದ್ರೆ?"

"ಒಂದೇ ಸಲಕ್ಕೆ ಹಾಕಿ ಅಂತಿದ್ದೆ."

ಯೋಚಿಸದೆ ಬಂದ ಮಾತು. ಅವರು ಕೊನೆಗೆ ಹೇಳಿದರು: ಮಂಗಳವಾರ ಕೀಲು ಬಿಚ್ಚುತ್ತಾರೆ, ಮಾಂಸದ ಚೂರನ್ನು ಅಲ್ಲೇ ಸೂಕ್ಷ್ಮದರ್ಶಕದಲ್ಲಿ ನೋಡಿಸುತ್ತಾರೆ, ಕೀವಿನ ಸುಳಿವು ಇಲ್ಲದಿದ್ದರೆ ಮಾತ್ರ ಒಂದೇ ಸಲಕ್ಕೆ ಹೊಸದು. ಚೂರುಗಳನ್ನು ಪ್ರಯೋಗಾಲಯಕ್ಕೂ ಕಳಿಸುತ್ತಾರೆ, ಏನಾದರೂ ಬೆಳೆಯುತ್ತದೋ ಎಂದು ಎರಡು ವಾರ ಕಾಯುತ್ತಾರೆ.

ತಪ್ಪಾಗಿದ್ದರೆ ಟೀಚರ ಕಾಲು ನನ್ನ ಮಾತಿನಿಂದ ಹೋಗುತ್ತದೆ. ಹೆದರಿಕೆಯಾಗುತ್ತಿದೆ. ಅದರ ಜೊತೆಗೇ ಒಳಗೊಳಗೆ ಕುಣಿಯುತ್ತಲೂ ಇದ್ದೇನೆ. ಎರಡೂ ಒಟ್ಟಿಗೆ ಹೇಗೆ ಸಾಧ್ಯವೋ ಕಾಣೆ.

ಮಾರ್ಚ್ 17, ಮಂಗಳವಾರ

ಸೂಕ್ಷ್ಮದರ್ಶಕದಲ್ಲಿ ಏನೂ ಕಾಣಲಿಲ್ಲ. ಕೀಲಿನಿಂದ ಮೂಳೆಯೊಳಗೆ ಇಳಿಸಿದ್ದ ಲೋಹದ ಕೋಲು ಸಡಿಲವಾಗಿ ಉಜ್ಜಿ ಊತ ತಂದಿತ್ತಂತೆ. ಹಳೆಯ ಸ್ಕ್ಯಾನ್ ಹೊಳೆದದ್ದು ಅದಕ್ಕೇ. ಹೊಸ ಕೀಲು ಹಾಕಿಯೇಬಿಟ್ಟರು. ಟೀಚರ್ ಎಚ್ಚರಾಗಿ ಮೊದಲು ಕೇಳಿದ್ದು, "ಹಾಕಿದ್ರಾ, ಬರೀ ತೆಗೆದ್ರಾ?" ಹಾಕಿದರೆಂದು ಸಿಸ್ಟರ್ ಹೇಳಿದ ಮೇಲೆ ಮತ್ತೆ ನಿದ್ದೆ ಹೋದರಂತೆ.

ಇನ್ನು ಪ್ರಯೋಗಾಲಯದವರು ಹೇಳಬೇಕು.

ಮಾರ್ಚ್ 20, ಶುಕ್ರವಾರ

ಏನೂ ಬೆಳೆದಿಲ್ಲ. ಟೀಚರ್ ನಡೆಯುವ ಚೌಕಟ್ಟು ಹಿಡಿದು ನಿಂತರು.

ಮಾರ್ಚ್ 25, ಬುಧವಾರ

ಏನೂ ಬೆಳೆದಿಲ್ಲ. ಪ್ರಯೋಗಾಲಯದಾಕೆ ನನ್ನ ಫೋನ್ ಎತ್ತುವುದನ್ನು ನಿಲ್ಲಿಸಿದ್ದಾಳೆ. ಮೆಟ್ಟಿಲು ಹತ್ತಿ ನಾನೇ ಹೋಗುತ್ತೇನೆ. "ಬೆಳೆದ್ರೆ ನಾನೇ ಓಡ್ಬರ್ತೀನಿ ಅಕ್ಕಾ, ದಯವಿಟ್ಟು ಹೋಗಿ," ಎಂದಳು. ಮಾಂಸದ ಚೂರುಗಳನ್ನಿಟ್ಟ ಬಟ್ಟಲಿನಲ್ಲಿ ಒಂದು ಮೋಡದಂಥ ಕಲೆ ಕಂಡು ಜೀವ ಬಾಯಿಗೆ ಬಂದಿತ್ತು. ಅದು ಗಾಜಿನ ಮೇಲಿನ ಆವಿ, ಅಷ್ಟೆ.

ಬರುವಾಗ ಟೀಚರ ವಾರ್ಡಿಗೆ ಹೋಗಿದ್ದೆ. ಪಕ್ಕದ ಹಾಸಿಗೆಯವರಿಗೆ ಉಸಿರು ಬಿಡುವ ವ್ಯಾಯಾಮ ಹೇಳಿಕೊಡುತ್ತಿದ್ದರು. ನನ್ನನ್ನೂ ಕೂರಿಸಿ ಮಾಡಿಸಿದರು. ನನ್ನ ಉಸಿರು ಮೇಲುಮೇಲಕ್ಕೇ ಆಡುತ್ತದಂತೆ.

ಮಾರ್ಚ್ 31, ಮಂಗಳವಾರ

ಏನೂ ಬೆಳೆಯಲಿಲ್ಲ. ಇದೇ ಕೊನೆಯ ವರದಿ. ಬಟ್ಟಲುಗಳನ್ನು ಎಸೆದರು.

ಕತ್ತಲೆ ಡಾಕ್ಟರ್ ಎಲ್ಲರನ್ನೂ ಕೂರಿಸಿ ಎರಡು ಚಿತ್ರಗಳನ್ನೂ ತೋರಿಸಿದರು, ನಮ್ಮ ತಪ್ಪನ್ನು ಒಂದಕ್ಷರ ಬಿಡದೆ ಹೇಳಿದರು. ಸಮ್ಮೇಳನಕ್ಕೆ ಹೊಳೆಯುವ ಚಿತ್ರವೊಂದು ಇದ್ದರೆ ಚೆನ್ನಾಗಿತ್ತು ಎಂದು ನಿರ್ದೇಶಕರಿಗೆ ಒಳಗೊಳಗೆ ಬೇಜಾರು. ಗುರುವಾರ ಮುಂದಿನವರು ಬರುತ್ತಾರೆ. ಬಸ್ ಓಡಿಸುತ್ತಿದ್ದವರು, ಬೆನ್ನುಮೂಳೆಯ ನೋವು, ಕೂತರೆ ಏಳಲಾರರು, ಮೂರು ಹೆಣ್ಣುಮಕ್ಕಳಂತೆ. ನಂಬರ್ ಎಷ್ಟೆಂದು ಕೇಳುವುದು ಮರೆತೆ. ಅಂದು ಸ್ಕ್ಯಾನಿಗೆ ಮುಂಚೆ ಅವರ ಜೊತೆ ಯಾರಾದರೂ ಇರಲೇಬೇಕೆಂದು, ಗೌನುಗಳನ್ನು ಪಕ್ಕದಲ್ಲೇ ಇಟ್ಟಿರಬೇಕೆಂದು ಸಿಸ್ಟರಿಗೆ ಹೇಳಿಟ್ಟಿದ್ದೇನೆ.

ಆಮೇಲೆ ಟೀಚರಿಗೆ ಹೇಳಲು ಓಡಿದೆ. ಈ ಸಲ ಮೀಟರಿಗೆ ಕೈ ತೋರಿಸಿಯೇ ಓಡಿದೆ. ಅವರು ನಡೆಯುವ ಚೌಕಟ್ಟು ಹಿಡಿದು ಹಾಸಿಗೆ ಪಕ್ಕ ನಿಂತಿದ್ದರು. ಸಿಸ್ಟರ್ ಅವರ ಮೊಣಕೈ ಹತ್ತಿರ ಕೈ ಚಾಚಿಕೊಂಡೇ ಇದ್ದರು.

"ಏನೂ ಬೆಳೀಲಿಲ್ಲ ಟೀಚರ್. ಎರಡು ವಾರ ಮುಗೀತು. ನಿಮ್ಮೊಳಗೆ ಏನೂ ಇಲ್ಲ," ಎಂದೆ.

ಟೀಚರ ಕಣ್ಣು ತುಂಬಿತ್ತು. "ಹಾಗಾದ್ರೆ ಮತ್ತೆ ತೆಗೆಯೋದಿಲ್ಲ?"

"ತೆಗೆಯೋದಿಲ್ಲ."

"ಸರಿ. ಸ್ವಲ್ಪ ದಾರಿ ಬಿಡಿ."

ಚೌಕಟ್ಟು ಮುಂದಿಟ್ಟು, ಕಾಲು ಎತ್ತಿಟ್ಟು, ಮತ್ತೆ ಚೌಕಟ್ಟು ಮುಂದಿಟ್ಟು, ಕೋಣೆ ದಾಟಿದರು. ಸಿಸ್ಟರ್ ಬೆನ್ನ ಹಿಂದೆಯೇ ಹೋದರು. ಬಾತ್‌ರೂಮಿನ ಬಾಗಿಲಲ್ಲಿ ಟೀಚರ್ ತಿರುಗಿ, "ಇಷ್ಟು ದಿನ ಬಂದ್ರಿ, ತುಂಬಾ ಉಪಕಾರ ಆಯ್ತು. ಇನ್ಮೇಲೆ ನಾನೊಬ್ಳೇ ಹೋಗ್ತೀನಿ," ಎಂದು ಬಾಗಿಲು ಹಾಕಿಕೊಂಡರು. ಒಳಗಿನಿಂದ ಚಿಲಕ ಬಿತ್ತು.

"ಟೀಚರ್, ಚಿಲಕ ಹಾಕೋ ಹಾಗಿಲ್ಲ," ಎಂದರು ಸಿಸ್ಟರ್.

"ಹೊರಗೆ ಬಂದ್ಮೇಲೆ ಬೈಯ್ರಿ," ಎಂದಿತು ಒಳಗಿನಿಂದ, ಇಡೀ ಕೊಳಕ್ಕೆ ಕೇಳಿಸುವ ಗಂಟಲು.

ಸಿಸ್ಟರೂ ನಾನೂ ಗೋಡೆಗೊರಗಿ ನಿಂತು ಕಾದೆವು.